ಮುಚ್ಚಳಕ್ಕೆ ಬಡಿದ ಬಿಲ್ಲೆ

ಬಿಲ್ಲೆ ಸಾಹೇಬರು ನಡೆದು ಬರುವುದನ್ನು ನೋಡಿದರೆ ವಿಮಾನವನ್ನು ಕಂಡುಹಿಡಿದವರು ಇವರೇ ಇರಬೇಕು ಅನ್ನಿಸುತ್ತಿತ್ತು. ಅಬ್ಬಾ, ಏನು ಠೀವಿ! ಮಾಡುತ್ತಿದ್ದ ಕೆಲಸವೋ, ತಗಡಿನ ಬಿಲ್ಲೆ ಬಡಿಯುವುದು. ವಿಮಾನ ಕೊಳ್ಳುವವರಿಗೆ ಸಾಲ ಕೊಡುವ ಕಂಪನಿಯೊಂದರಲ್ಲಿ ಅವರು ತಪಾಸಣೆ ಅಧಿಕಾರಿ. ಸಾಲ ತೀರುವ ತನಕ ವಿಮಾನ ಕಂಪನಿಗೆ ಅಡವು. ಆದರೆ ವಿಮಾನದ ಒಡಲಿಗೊಂದು ನಂಬರು, ಎಂಜಿನ್ನಿಗೆ ಇನ್ನೊಂದು ನಂಬರು. ಎಂಜಿನ್ನನ್ನು ಬಿಚ್ಚಿ ಬೇರೆ ವಿಮಾನಕ್ಕೆ ಕೂರಿಸಬಹುದಾದ್ದರಿಂದ ಕಾನೂನಿನ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಸ್ವತ್ತು. ಹಾಗಾಗಿ ‘ಇದು ನಮಗೆ ಅಡವಾಗಿದೆ’ ಎಂಬ ಬಿಲ್ಲೆಯನ್ನು ಎರಡಕ್ಕೂ ಬಡಿಯಬೇಕು. ಆ ಮಹಾಕಾರ್ಯ ಸಾಹೇಬರದ್ದು. ಮನೆಯಲ್ಲಿ ತಮ್ಮ ಕುರ್ಚಿಗೂ ಹೆಸರಿನ ಬಿಲ್ಲೆ ಬಡಿದುಕೊಂಡಿದ್ದರು. ಹೆಂಡತಿ ಒಗೆದ ಬಟ್ಟೆಯನ್ನೆಲ್ಲ ತಂದು ಅದರ ಮೇಲೇ ರಾಶಿ ಹಾಕುತ್ತಿದ್ದಳು.

ಬಡಿಯುವುದನ್ನಾದರೂ ನೆಟ್ಟಗೆ ಬಡಿದರೇ? ಎಂಜಿನ್ನಿಗೆ ಬಡಿಯಬೇಕೆಂದರೆ ಮುಚ್ಚಳ ತೆಗೆಯಬೇಕು, ತಲೆ ಒಳಗೆ ತೂರಿಸಬೇಕು, ಎಣ್ಣೆ ಮಸಿ ಮೆತ್ತಿಸಿಕೊಂಡು ನಂಬರು ಓದಬೇಕು. ಗರಿಗರಿ ಇಸ್ತ್ರಿ ಅಂಗಿಯ ಸಾಹೇಬರಿಗೆ ಅದೆಲ್ಲ ಒಗ್ಗುವುದಿಲ್ಲ. ಮುಚ್ಚಳದ ಮೇಲೇ ಬಿಲ್ಲೆ ಬಡಿದು, ಬಿಸಿಲು ಬೀಳುವ ಕಡೆಯಿಂದ ಫೋಟೋ ತೆಗೆದು ಆಫೀಸಿಗೆ ಕಳಿಸಿಬಿಡುತ್ತಿದ್ದರು. ಫೋಟೋದಲ್ಲಿ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಆಫೀಸಿನವರೋ, ಫೋಟೋ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುವ ಜನ. “ಕೆಲಸ ಅಂದ್ರೆ ಹೀಗಿರಬೇಕು” ಎಂದು ಬೆನ್ನು ತಟ್ಟಿದರು. ದೊಡ್ಡ ಅಧಿಕಾರಿಯ ಕುರ್ಚಿ ಖಾಲಿಯಾದರೆ ಅದು ಸಾಹೇಬರಿಗೇ ಎಂಬ ಮಾತೂ ಹಬ್ಬಿತ್ತು. ಪಾತ್ರೆಯನ್ನು ಒತ್ತೆ ಇಟ್ಟುಕೊಂಡು ಹೆಸರನ್ನು ಮುಚ್ಚಳಕ್ಕೆ ಕೊರೆಸಿದ ಹಾಗಾಯಿತಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಸಾಹೇಬರ ಒಡಹುಟ್ಟಿದ ತಂಗಿಗೆ. ಅವಳದು ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡು. ಗಂಡ ಸೊಂಟನೋವಿನಿಂದ ಹಾಸಿಗೆ ಹಿಡಿದ ಮೇಲೆ ಅವಳೇ ನಡೆಸುತ್ತಿದ್ದಳು. ಅಲ್ಲಿಗೆ ಬಂದಿದ್ದ ಒಂದೇ ಎಂಜಿನ್ನಿನ ಬಾಡಿಗೆ ವಿಮಾನವೊಂದಕ್ಕೆ ಸಾಹೇಬರು ಬಿಲ್ಲೆ ಬಡಿಯುತ್ತಿದ್ದಾಗ ಅವಳು ಕೇಳಿಯೇಬಿಟ್ಟಳು.

“ಅಣ್ಣಾ, ಮುಚ್ಚಳಕ್ಕೆ ಬಡಿದ್ರೆ ಏನು ಬಂತು? ನಾಳೆ ಒಳಗಿರೋ ಎಂಜಿನ್ನ ಯಾರಾದ್ರೂ ಎತ್ಕೊಂಡು ಹೋದ್ರೆ?”

“ನೀನು ನಿನ್ನ ನಟ್ಟು ಬೋಲ್ಟು ನೋಡ್ಕೋ ಹೋಗಮ್ಮ. ಕಾನೂನು ನನಗೆ ಬಿಡು.”

ಬಿಟ್ಟಳು. ಆಮೇಲೆ ಆ ವಿಮಾನದ ಮಾಲೀಕ ಎಲ್ಲರಿಗೂ ಸೇರಿಸಿ ಟೋಪಿ ಹಾಕಿದ. ಎಂಜಿನ್ನನ್ನು ಬೇರೆ ಕಡೆ ಪರೀಕ್ಷೆ ಮಾಡಿಸುತ್ತೇನೆಂದು ಬಿಚ್ಚಿಸಿ, ಲಾರಿಗೆ ಹೇರಿಕೊಂಡು ಹೋದ. ಅಂಥದ್ದು ದಿನಾ ನಡೆಯುವುದೇ ಆದ್ದರಿಂದ ತಂಗಿಗೆ ಅನುಮಾನ ಬರಲಿಲ್ಲ. ಅದು ವಾಪಸು ಬರುವಷ್ಟರಲ್ಲಿ ಉಳಿದ ವೈರು, ಮೀಟರುಗಳನ್ನು ನೋಡಿಬಿಡೋಣವೆಂದು ಅವಳು ತನ್ನ ಶೆಡ್ಡಿನ ಹಳೆಯ ಎಂಜಿನ್ನನ್ನು ತಾತ್ಕಾಲಿಕವಾಗಿ ಕೂರಿಸಿದಳು. ಅದು ಆಯುಷ್ಯ ಮುಗಿದ ಎಂಜಿನ್ನು. ನೆಲದ ಮೇಲೆ ಓಡಿಸಿ ನೋಡುವುದಕ್ಕಷ್ಟೇ ಲಾಯಕ್ಕು, ಹಾರುವುದಕ್ಕಲ್ಲ. ಆದರೆ ಶೆಡ್ಡಿನ ಅರ್ಧ ಕೆಲಸ ನಡೆಯುತ್ತಿದ್ದುದೇ ಅದರಿಂದ. ಅತ್ತ ಮಾಲೀಕ ಲಾರಿಯಲ್ಲಿ ಒಯ್ದ ಹೊಸ ಎಂಜಿನ್ನನ್ನು ಮಾರಿಕೊಂಡು ಕಂಬಿ ಕಿತ್ತ, ಇತ್ತ ಸಾಲದ ಕಂತು ನಿಂತಿತು.

ಸರಿ, ಕಂಪನಿಯ ವಕೀಲರನ್ನೂ ಒಬ್ಬ ಪೈಲಟನನ್ನೂ ಕರೆದುಕೊಂಡು ಸಾಹೇಬರು ವಿಮಾನ ಜಪ್ತಿಗೆ ಬಂದಿಳಿದರು.

“ವಿಮಾನ ಧಾರಾಳವಾಗಿ ತಗೊಂಡ್ಹೋಗಿ,” ಎಂದಳು ತಂಗಿ. “ಒಳಗಿರೋ ಎಂಜಿನ್ ಮಾತ್ರ ನಂದು. ಬಿಚ್ಕೊಂಡು ಕೊಡ್ತೀನಿ. ಹೇಗಿದ್ರೂ ಅದು ಹಾರೋ ಎಂಜಿನ್ನೂ ಅಲ್ಲ.”

ವಕೀಲರು ನಕ್ಕರು. “ಹೊಸ ಎಂಜಿನ್ ಹೊಡ್ಕೊಳ್ಳೋಕೆ ಒಳ್ಳೇ ಉಪಾಯ ಕಣಮ್ಮ!”

“ಮುಚ್ಚಳ ತೆಗೀತೀನಿ, ನೀವೇ ನಂಬರ್ ನೋಡಿ ಸ್ವಾಮಿ.”

ವಕೀಲರಿಗೂ ಅಂಗಿಯದೇ ಚಿಂತೆ. “ಬಿಲ್ಲೆ ಬಡಿದೋರು ಸಾಹೇಬ್ರು, ಅವರೇ ನೋಡಿ ಹೇಳ್ಲಿ. ಅವರ ಮಾತೇ ನಮಗೆ ಸಾಕು,” ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ಸಾಹೇಬರು ಮೊದಲ ಸಲ ಎಂಜಿನ್ನಿನೊಳಗೆ ಇಣುಕಿದರು. ನಂಬರು ಬೇರೆ! ನಿಜ ಹೇಳಿದರೆ ಇಷ್ಟು ವರ್ಷ ಮುಚ್ಚಳಕ್ಕೆ ಬಡಿದದ್ದೆಲ್ಲ ಬಯಲಾಗುತ್ತದೆ, ದೊಡ್ಡ ಕುರ್ಚಿ ಹಾಳಾಗಲಿ, ಇರುವ ಕುರ್ಚಿಯೂ ಹೋಗುತ್ತದೆ. ಸುಳ್ಳು ಹೇಳಿದರೆ ಹೋಗುವುದು ತಂಗಿಯ ಎಂಜಿನ್ನು ತಾನೆ!

“ಅಣ್ಣಾ, ನನ್ನ ಮುಖ ನೋಡಿ ಹೇಳು,” ಎಂದಳು ಅವಳು. “ಇದು ಹೋದ್ರೆ ನಾನು ಶೆಡ್ ಮುಚ್ಬೇಕಾಗುತ್ತೆ.”

ಅವರು ಮುಖ ನೋಡಲಿಲ್ಲ. ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. “ಸಂಬಂಧ ಬೇರೆ, ಡ್ಯೂಟಿ ಬೇರೆ. ಇದು ನಮ್ಮದೇ ಎಂಜಿನ್,” ಎಂದರು. ನಾಚಿಕೆಗೆಟ್ಟ ನಾಲಿಗೆ, ಒಂದಿಷ್ಟಾದರೂ ತಡವರಿಸಿತೇ? ಇಲ್ಲ.

ತಂಗಿ ಕಣ್ಣು ಒರೆಸಿಕೊಂಡು ಮುಚ್ಚಳ ಹಾಕಿದಳು. ಪೈಲಟ್ ಅಷ್ಟು ಹೊತ್ತೂ ಅಣ್ಣ ತಂಗಿಯರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಹೆಂಡತಿ ಮಕ್ಕಳಿದ್ದವನು ಪಾಪ, ಅವನಿಗೆ ಜೀವದ ಮೇಲೆ ಆಸೆಯಿತ್ತು.

“ಖಾತ್ರಿ ತಾನೆ ಸಾರ್?”

“ನೂರಕ್ಕೆ ನೂರು.”

“ಹಾಗಿದ್ರೆ ಹತ್ತಿ ಸಾರ್, ನನ್ನ ಪಕ್ಕದ ಸೀಟು ಖಾಲಿ ಇದೆ. ನೀವೇ ಬಂದು ಒಪ್ಪಿಸಿದ್ರೆ ಕಂಪನಿಗೂ ಒಂದು ಗತ್ತು.”

“ಒಳ್ಳೇ ಮಾತು! ಹೋಗ್ಬನ್ನಿ,” ಎಂದು ವಕೀಲರು ಸಾಹೇಬರ ಬೆನ್ನಿಗೆ ಕೈ ಕೊಟ್ಟು ಹತ್ತಿಸಿಯೇಬಿಟ್ಟರು.

ಪೈಲಟ್ ಬೆಲ್ಟು ಬಿಗಿದ, ಎಂಜಿನ್ ಶುರು ಮಾಡಿದ. ಅದು ಒಮ್ಮೆ ಕೆಮ್ಮಿತು, ಕರಿ ಹೊಗೆ ಕಾರಿತು, ಆಮೇಲೆ ಇಡೀ ವಿಮಾನ ಗಡಗಡ ನಡುಗಿತು. ವಿಮಾನ ಶೆಡ್ಡಿನ ಮುಂದಿನಿಂದ ಒಂದು ಮಾರು ಸರಿದಿರಬೇಕು ಅಷ್ಟೆ.

“ನಿಲ್ಸೋ! ನಿಲ್ಸೋ ಮಾರಾಯ!” ಎಂಬ ಕಿರುಚಾಟ ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿತು. “ಇದು ನಮ್ದಲ್ಲ! ನನ್ನ ತಂಗೀದು! ಆಯುಷ್ಯ ಮುಗಿದಿರೋದು! ನಂಬರ್ ಬೇರೆ ಇದೆ, ನಾನೇ ನೋಡಿದೀನಿ! ಇಳಿಸ್ರೋ ನನ್ನ!”

ಪೈಲಟ್ ನಿಧಾನವಾಗಿ ಎಂಜಿನ್ ಆರಿಸಿದ. ಇಳಿಯಲು ಒದ್ದಾಡುತ್ತಿದ್ದ ಸಾಹೇಬರಿಗೆ ಕೊನೆಗೆ ಕೈ ಕೊಟ್ಟವಳು ತಂಗಿಯೇ.

ನೆಲ ಮುಟ್ಟಿದ್ದೇ ತಡ, ಆ ಮನುಷ್ಯನಿಗೆ ಮತ್ತೆ ಮಾತು ಬಂತು ನೋಡಿ. “ನೋಡಮ್ಮಾ, ಕೊನೆಗೂ ಇದ್ದದ್ದು ಇದ್ದ ಹಾಗೇ ಹೇಳಿಬಿಟ್ಟೆ. ಎಲ್ಲ ನಿನಗೋಸ್ಕರ.”

ತಂಗಿ ಅವರ ಕೈ ಬಿಟ್ಟಳು.

“ನನಗೋಸ್ಕರ ನಿಜ ಹೇಳು ಅಂತ ಕೇಳ್ದಾಗ ನೀನು ನೆಲದ ಮೇಲೇ ನಿಂತಿದ್ದೆ ಅಣ್ಣ,” ಎಂದವಳೇ ತನ್ನ ಎಂಜಿನ್ನನ್ನು ಬಿಚ್ಚಲು ಹೋದಳು.