ಸತ್ತವಳ ಹೆಸರಿನ ಸ್ಟಿಕ್ಕರ್

ದೆವ್ವವೂ ಅಲ್ಲ, ಗಾಳಿಯೂ ಅಲ್ಲ. ಸತ್ತವಳ ಹೆಸರನ್ನು ಕಂಪ್ಯೂಟರಿನಿಂದ ತೆಗೆದಿರಲಿಲ್ಲ, ಅಷ್ಟೆ. ತೆಗೀಬೇಡಿ ಅಂದವಳು ನಾನೇ.

ಆಗ ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದೆ. ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರಿಗೂ ಒಂದೇ ಕಂಪ್ಯೂಟರ್, ಆದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಹೆಸರು, ಪಾಸ್‌ವರ್ಡ್. ಡಬ್ಬಕ್ಕೆ ಅಂಟಿಸುವ ಸ್ಟಿಕ್ಕರಿನಲ್ಲಿ ಚೆಕ್ ಮಾಡಿದವರ ಹೆಸರು ಬರುತ್ತಿತ್ತು. ಆ ಕೆಲಸದ ಹೆಂಗಸು ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಸತ್ತ ಮೂರನೇ ದಿನಕ್ಕೇ ಕಂಪ್ಯೂಟರ್ ನೋಡಿಕೊಳ್ಳುವವನು ಅವಳ ಹೆಸರು ಅಳಿಸಲು ಬಂದ. ಪೊರಕೆ ಹಿಡಿದೇ ಬೈದೆ: "ಹನ್ನೊಂದು ದಿನ ಆಗೋ ಮುಂಚೆ ಹೆಸರು ಅಳಿಸ್ತಾರೇನೋ?" ಮ್ಯಾನೇಜರೂ "ತಿಥಿ ಮುಗೀಲಿ ಬಿಡಪ್ಪ" ಅಂದರು. ಅವಳು ಮಲಗಿದಾಗಿನಿಂದ ಆರಿಸಿಟ್ಟಿದ್ದ ಕಂಪ್ಯೂಟರನ್ನು ಹೊಸಬರು ಬರೋವರೆಗೆ ಹಾಗೇ ಬಿಟ್ಟರು.

ಎರಡು ದಿನ ಬಿಟ್ಟು ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ಆ ಜಾಗಕ್ಕೆ ಬಂದಳು. ಬೆಳಗ್ಗೆ ಸ್ವಿಚ್ ಹಾಕಿಟ್ಟವಳು ನಾನು. ಎಂಟು ಗಂಟೆ. ಅವಳಿನ್ನೂ ಕುರ್ಚಿ ಎಳೆದಿರಲಿಲ್ಲ, ಪ್ರಿಂಟರ್ ಗರ್ ಅಂತು. ಒಂದಾದ ಮೇಲೆ ಒಂದು, ಇಪ್ಪತ್ತು ಸ್ಟಿಕ್ಕರ್. ಸತ್ತವಳ ಹೆಸರು, ಆವತ್ತಿನ ತಾರೀಖು. ಮುಟ್ಟಿದೆ. ಬೆಚ್ಚಗಿತ್ತು.

ಹುಡುಗಿ ತನ್ನ ಹೆಸರಿನಲ್ಲಿ ಒಳಹೊಕ್ಕು ನಿಲ್ಲಿಸಲು ನೋಡಿದಳು. ಕಂಪ್ಯೂಟರ್ ಬಿಡಲಿಲ್ಲ.

"ಇದು ಅವರ ಕೆಲ್ಸ ಅಂತ್ರೀ ಅಜ್ಜಿ. ನಾ ಮುಟ್ಟಂಗಿಲ್ಲಂತ."

ಆರಿಸಿ ಮತ್ತೆ ಹಾಕಿದರೂ ಮರುದಿನ ಎಂಟಕ್ಕೆ ಅದೇ. ಹೆಂಗಸರು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟರು. ಮೂರನೇ ದಿನ ಸೂಪರ್‌ವೈಸರ್ ಹುಡುಗಿಯ ಮೇಲೆ ರೇಗಿದ.

"ಸತ್ತೋರ ಪಾಸ್‌ವರ್ಡ್ ಕದ್ದು ಆಟ ಆಡ್ತೀಯಾ?"

"ನಾ ಏನೂ ಮಾಡಿಲ್ರೀ ಸಾರ್."

"ಹಂಗಾದ್ರೆ ಅವಳೇ ಎದ್ದು ಬಂದ್ಲಾ? ನಾಳೆಯಿಂದ ಬರ್ಬೇಡ, ನಡಿ."

ಅಳುತ್ತಾ ಹೋದಳು. ನಾನು ಹೋಗಿ ಕಂಪ್ಯೂಟರ್‌ನವನನ್ನು ಎಳೆದುಕೊಂಡು ಬಂದೆ.

"ಈ ಕಂಪ್ಯೂಟರ್ ವಠಾರ ಇದ್ದಂಗೆ ಕಣಜ್ಜಿ," ಅಂದ. "ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗಂಗಿಲ್ಲ. ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಆ ನಲ್ಲಿ ಈ ಪ್ರಿಂಟರು. ಮಾಲೀಕನ ಬೀಗದಕೈ ನನ್ನ ಹತ್ರ ಮಾತ್ರ."

"ಬೀಗ ಹಾಕಿದ ಮನೆಯಿಂದ ನಲ್ಲಿಗೆ ಕೊಡ ತಂದಿಡ್ತಿರೋರು ಯಾರು ಮತ್ತೆ?"

ಅವನು ಸತ್ತವಳ ಹೆಸರಿನೊಳಗೆ ತೆರೆದು ತೋರಿಸಿದ. ತಾನು ಬರುವಷ್ಟರಲ್ಲಿ ಸ್ಟಿಕ್ಕರ್ ತಯಾರಿರಲಿ, ದಿನಾ ಎಂಟಕ್ಕೆ ಹೊಡಿ ಅಂತ ಅವಳೇ ಬದುಕಿದ್ದಾಗ ಕಂಪ್ಯೂಟರಿಗೆ ಹೇಳಿಟ್ಟಿದ್ದಳಂತೆ. ಅವಳು ಬರಲಿ ಬಿಡಲಿ, ಅವಳ ಹೆಸರು ಇರೋವರೆಗೂ ಅದು ಮಾಡುತ್ತದೆ. ಮುಂದಿನ ಸಲ ನಾಳೆ ಎಂಟಕ್ಕೆ ಅಂತ ಬರೆದಿತ್ತು.

"ಕೊನೇ ದಿನ ಯಾವಾಗ?"

"ಅದನ್ನ ಹಾಕೇ ಇಲ್ಲ ಅಜ್ಜಿ." ಬೆರಳು ಎತ್ತಿ ನನ್ನ ಮುಖ ನೋಡಿದ. "ತಿಥಿಗೆ ಇನ್ನೂ ಮೂರು ದಿನ ಇದೆ. ತೆಗೀಲಾ?"

ಕೋಣೆಯಲ್ಲಿ ಅವಳ ಕುರ್ಚಿ ಇತ್ತು, ನೋಡಲಿಲ್ಲ.

"ತೆಗಿ."

ಒಂದು ಸಲ ಒತ್ತಿದ. ಅವಳ ಹೆಸರು ಹೋಯಿತು. ಮ್ಯಾನೇಜರ ಹತ್ತಿರ ಹೋಗಿ, ತಪ್ಪು ನಂದು, ಹುಡುಗೀದಲ್ಲ ಅಂದೆ. "ಕರ್ಕೊಂಡ್ ಬಾ" ಅಂದರು.

ಮರುದಿನ ಏಳು ಗಂಟೆಗೇ ನಾಗಸಂದ್ರದಲ್ಲಿ ಆ ಹುಡುಗಿಯ ಬಾಡಿಗೆ ಕೋಣೆಗೆ ಹೋದೆ. ಊರಿಗೆ ಹೊರಡಲು ಬಟ್ಟೆ ತುಂಬುತ್ತಿದ್ದಳು. ಬ್ಯಾಗ್ ಕಿತ್ತುಕೊಂಡು ಮಂಚದ ಕೆಳಗೆ ತಳ್ಳಿ, "ತಲೆ ಬಾಚ್ಕೋ, ಹೊತ್ತಾಯ್ತು" ಅಂದೆ.