ಎಳೆದಷ್ಟೂ ಗಟ್ಟಿಯಾಗುವ ಪಟ್ಟಿ

ಗುಜರಾತಿಗೆ ಬಂದ ಮೊದಲ ವಾರ, ನಾನು ಕೆಲಸಕ್ಕೆ ಸೇರಿದ ಚೀಲದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ಎಳೆದು ಗಟ್ಟಿ ಮಾಡುವುದನ್ನು ಕಂಡು ದಿಗಿಲಾಯಿತು. ನಾನು ಗಜೇಂದ್ರಗಡದ ನೇಕಾರರ ಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ನೂಲನ್ನು ಹಾಗೆ ಎಳೆದರೆ ಅವ್ವನ ಬೈಗುಳ ತಪ್ಪುವುದಿಲ್ಲ. ಇಲ್ಲಿ ಎಳೆಯದಿದ್ದರೆ ಬೈಗುಳ.

ಗಂಡನಿಗೆ ಲಾರಿ ಓಡಿಸುವ ಕೆಲಸ ಸಿಕ್ಕಿತೆಂದು ಬಂದೆವು. ಇರುವುದು ‘ಚಾಲಿ’ಯಲ್ಲಿ, ಅಂದರೆ ಒಂದೇ ಸಾಲಿನ ಖೋಲಿಗಳು. ಬೇಳೆಗೂ ಬೆಲ್ಲ ಹಾಕುವ ಜನ; ಖಾರ ಬೇಕೆಂದರೆ ಕನಿಕರದಿಂದ ನೋಡುತ್ತಾರೆ. ರೊಟ್ಟಿ ಬಡಿಯುವ ಸದ್ದಿಗೆ ಮೊದಮೊದಲು ಗೋಡೆ ಗುದ್ದುತ್ತಿದ್ದ ಪಕ್ಕದಾಕೆ ಈಗ ತಟ್ಟೆ ಹಿಡಿದೇ ಬರುತ್ತಾಳೆ.

ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದವನು ನರಗುಂದದ ರಸೂಲಣ್ಣ. ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡುಗಳಿಂದ ಪಟ್ಟಿಪಟ್ಟಿಯಾಗಿ ಸೀಳಿ ಕಾದ ತಗಡಿನ ಮೇಲೆ ಹಾಯಿಸುತ್ತಾರೆ. ಅದು ಮೆತ್ತಗಾಗುತ್ತದೆ, ಕರಗುವುದಿಲ್ಲ. ಮುಂದಿನ ಉರುಳೆಗಳು ಹಿಂದಿನವಕ್ಕಿಂತ ಜೋರಾಗಿ ತಿರುಗಿ ಅದನ್ನು ಎಳೆಯುತ್ತವೆ. ಪಟ್ಟಿ ತೆಳ್ಳಗಾಗುತ್ತ ಬಲವಾಗುತ್ತದೆ.

ಒಬ್ಬಳೇ ಯಂತ್ರ ನಡೆಸಿ ತೋರಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ ಎಂದು ಮೇಲಿನವರು ಹೇಳಿದ್ದರು. ಪರೀಕ್ಷೆಯ ದಿನ ಪಟ್ಟಿಯೊಂದು ಹರಿಯಿತು. ನನ್ನ ಕೈ ತಾನಾಗಿಯೇ ಮುಂದಿನ ಉರುಳೆಗಳ ವೇಗ ತಗ್ಗಿಸಿತು. ಮಗ್ಗದಲ್ಲಿ ಎಳೆ ಹರಿದರೆ ಬಿಗುವು ಸಡಿಲಿಸುವುದು ನಮ್ಮ ರೂಢಿ. ಆ ಪಟ್ಟಿಯಲ್ಲಿ ನೇಯ್ದ ಚೀಲಕ್ಕೆ ಮರಳು ತುಂಬಿ ಎತ್ತಿದರೆ, ನಾದಿದ ಹಿಟ್ಟಿನ ಹಾಗೆ ಜೋತುಬಿತ್ತು.

“ತಂಗಿ, ನೂಲಿಗೆ ತೋರ್ಸೋ ಕರುಣಾ ಇದಕ್ಕ ತೋರಸಬ್ಯಾಡ. ಜಗ್ಗಿದ್ರನ ಇದು ಗಟ್ಟಿ,” ಎಂದ ರಸೂಲಣ್ಣ.

“ಮತ್ತ ಹರದ್ರ ಏನ ಮಾಡ್ಲಿರಿ, ಅಣ್ಣಾ?”

“ಜಗ್ಗಿದ್ದಕ್ಕ ಹರೀತಂತ ಯಾಕ ತಿಳ್ಕೋತಿ? ಮೊದಲ ಬ್ಲೇಡ ನೋಡು.”

ಅವನೇ ಮೇಲಿನವರ ಹತ್ತಿರ ಮಾತಾಡಿ ಇನ್ನೊಂದು ದಿನ ಕೊಡಿಸಿದ. ಮರುದಿನವೂ ಹರಿಯಿತು. ವೇಗ ಮುಟ್ಟಲಿಲ್ಲ, ಬ್ಲೇಡು ನೋಡಿದೆ, ಅಂಚು ಚೂರು ಮುರಿದಿತ್ತು; ಅದು ಕಚ್ಚು ಬಿಟ್ಟ ಕಡೆಯಲ್ಲೇ ಪಟ್ಟಿ ಹರಿಯುತ್ತಿತ್ತು. ಬದಲಿಸಿ, ಪಟ್ಟಿಯನ್ನು ಪೂರಾ ಎಳೆದೆ. ಈ ಸಲ ಚೀಲ ಮರಳನ್ನು ಹೊತ್ತು ತೂಗಾಡಿತು, ಜೋತುಬೀಳಲಿಲ್ಲ. ಕೆಲಸ ಖಾಯಂ ಆಯಿತು. ಅಂದು ಸಂಜೆ ಚಾಲಿಯ ತುಂಬ ಮೆರೆದಾಡಿದೆ.

ದೀಪಾವಳಿಗೆ ಊರಿಗೆ ಹೋದಾಗಲೂ ಅದೇ ಠೀವಿ. ಮಗ್ಗಕ್ಕೆ ಕೂತಿದ್ದ ಅವ್ವನನ್ನು ಎಬ್ಬಿಸಿ ನಾನೇ ಕೂತೆ, ಹಾಸಿನ ಉದ್ದೆಳೆಗಳನ್ನು ಬಿಗಿ ಮಾಡಿದೆ. ಎಳೆ ಹರಿಯಿತು. ಗಂಟು ಹಾಕಿ ಮತ್ತೆ ಬಿಗಿದೆ, ಮತ್ತೆ ಹರಿಯಿತು.

“ಏಳವಾ, ನಿನ್ನ ಕೈ ಈಗ ಅಲ್ಲಿ ಕೆಲಸಕ್ಕ ಹೊಂದೇತಿ,” ಎಂದಳು ಅವ್ವ ನಗುತ್ತಲೇ.

ಎದ್ದೆ. ಅವಳು ಕೂತು ಎಳೆ ಕೂಡಿಸತೊಡಗಿದಳು. ನಾನು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಬೀಗರ ಹಾಗೆ ಕೂತು ಚಹಾ ಕುಡಿದೆ.