ವೈಂಡಿಂಗ್ ಖಾತೆಯ ಹೊಳೆವ್ವ

ಬನಹಟ್ಟಿಯ ಹೊರಗಿದ್ದ ನೂಲಿನ ಗಿರಣಿಯಲ್ಲಿ ಹೊಳೆವ್ವ ಹದಿನಾಲ್ಕು ವರ್ಷ ದುಡಿದಳು. ಅದರಲ್ಲಿ ಎರಡೂವರೆ ವರ್ಷದ ಮಾತು ಬಂದಾಗ ಮಾತ್ರ ಅವಳ ದನಿ ಬದಲಾಗುತ್ತಿತ್ತು. ಉಳಿದ ವರ್ಷಗಳ ಬಗ್ಗೆ ಯಾರಾದರೂ ಕೇಳಿದರೆ, "ಏನೈತ್ರಿ ಅದರಾಗ, ಹೋಗೂದು ಬರೂದು," ಎಂದು ಮುಗಿಸುತ್ತಿದ್ದಳು.

ಹಿಪ್ಪರಗಿಯಲ್ಲಿ ಹುಟ್ಟಿ ರಬಕವಿಗೆ ಸೊಸೆಯಾಗಿ ಬಂದವಳು. ಗಂಡ ಜಕ್ಕಪ್ಪ ಪವರ್‌ಲೂಮಿನ ಮೇಲೆ ಸೀರೆ ನೇಯುತ್ತಿದ್ದ. ೧೯೮೧ರಲ್ಲಿ ಗಿರಣಿ ಸೇರಿದಾಗ ಅವಳನ್ನು ವೈಂಡಿಂಗ್ ಖಾತೆಗೆ ಹಾಕಿದರು. ಸಣ್ಣ ಬಾಬಿನ್ನುಗಳಲ್ಲಿ ಬಂದ ನೂಲನ್ನು ದೊಡ್ಡ ಕೋನುಗಳಿಗೆ ಸುತ್ತಿಸಬೇಕು, ಎಳೆ ಹರಿದಲ್ಲಿ ಗಂಟು ಹಾಕಬೇಕು. ಆಳುಗಳ ಮೇಲಿನ ಮೇಸ್ತ್ರಿ, ಖಾತೆಯ ಜಾಬರ್ ಚನಮಲ್ಲಪ್ಪ ಕೆಟ್ಟವನಲ್ಲ. ಆದರೆ ಅವನ ಬಾಯಲ್ಲಿ ಹೆಣ್ಣಾಳುಗಳಿಗೆ "ಕೈ ನಡಸ್ರಬೇ" ಬಿಟ್ಟರೆ ಬೇರೆ ಮಾತಿರಲಿಲ್ಲ.

೧೯೮೬ರ ಬೇಸಿಗೆಯಲ್ಲಿ ತೇರದಾಳದ ಪಾರಿಸಪ್ಪ ಸೂಪರ್‌ವೈಸರ್ ಆಗಿ ಬಂದರು. ಕೊಯಮತ್ತೂರಿನಲ್ಲಿ ತರಬೇತಿ ಪಡೆದವರು. ಶನಿವಾರ ಪಾಳಿ ಮುಗಿಯಲು ಅರ್ಧ ತಾಸು ಇರುವಾಗ ಆರು ಜನ ಆಳುಗಳನ್ನು ಕರೆದು ಕೂಡಿಸಿದರು. ತಾವೂ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತರು.

"ಈ ಖಾತೆದಾಗ ಏನು ತಪ್ಪಾಗಾಕತ್ತೈತಿ, ನೀವ ಹೇಳ್ರಿ."

ಪಾಳಿಯ ಗಂಟೆ ಆದೊಡನೆ ಆರೂ ಜನ ಎದ್ದು ಹೋದರು. ಮುಂದಿನ ಶನಿವಾರವೂ ಅಷ್ಟೇ. ಮೂರನೆಯ ವಾರ ಹೊಳೆವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಎಳಿ ಭಾಳ ಹರೀತಾವ್ರಿ," ಎಂದಳು.

"ಯಾಕ?"

"ಅದು ನನಗ ಹೆಂಗ ಗೊತ್ತಾಕ್ಕೈತ್ರಿ ಸಾಹೇಬ್ರ?"

"ದಿನಾ ಮಷೀನಿನ ಮುಂದ ನಿಂದ್ರಾವ್ರು ನೀವು. ನಿಮಗ ಗೊತ್ತಾಗಲಿಲ್ಲಂದ್ರ ನನಗ ಹೆಂಗ ಗೊತ್ತಾಗಬೇಕು? ನೋಡ್ರಿ. ಅವಸರಿಲ್ಲ."

ಅಂದು ಮನೆಗೆ ನಡೆಯುವಾಗ ಅವಳಿಗೆ ಮಾತಿಗಿಂತ "ನೋಡ್ರಿ" ಎಂಬ ಆ ಮರ್ಯಾದೆಯೇ ಕಿವಿಯಲ್ಲಿ ಉಳಿದಿತ್ತು. ಆ ಗಿರಣಿಯಲ್ಲಿ ಅವಳೊಬ್ಬಳನ್ನೇ ಉದ್ದೇಶಿಸಿ ಯಾರೂ ಹಾಗೆ ಮಾತಾಡಿರಲಿಲ್ಲ.

ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಎಳೆ ಹರಿದಾಗಲೆಲ್ಲ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಬಾಬಿನ್ನು ತುಂಬಿ ಬರುತ್ತಿದ್ದ ಬುಟ್ಟಿಯಲ್ಲಿ ಮೇಲಿದ್ದವಕ್ಕೆ ಒಂದು ಕಡೆ, ತಳದವಕ್ಕೆ ಇನ್ನೊಂದು ಕಡೆ. ಹದಿನೈದು ದಿನದಲ್ಲಿ ತಳದವುಗಳ ಗೆರೆಗಳೇ ಕಂಬ ತುಂಬಿದವು. ಆಮೇಲೆ ಅವಳಿಗೆ ಕಂಡಿತು. ಪಡುವಣ ಕಿಟಕಿಯ ಹತ್ತಿರ ಹತ್ತು ಹನ್ನೆರಡು ಬುಟ್ಟಿ ಸದಾ ನಿಂತಿರುತ್ತಿದ್ದವು. ಹೊಸದು ಬಂದಂತೆ ಹಳೆಯದರ ಮೇಲೆ ಸುರಿಯುತ್ತಿದ್ದರು. ತಳದ ನೂಲು ಮೂರು ನಾಲ್ಕು ದಿನ ಬಿಸಿಗಾಳಿಗೆ ಒಣಗಿ ಪೆಡಸಾಗುತ್ತಿತ್ತು.

"ಎರಡ ಬುಟ್ಟಿ ಇರಲಿ. ಖಾಲಿ ಆದಂಗ ತರ್ಲಿ," ಎಂದಳು ಶನಿವಾರ.

ಚನಮಲ್ಲಪ್ಪ ಸಿಡಿದೆದ್ದ. "ಸಾಹೇಬ್ರ, ಬುಟ್ಟಿ ತಡಾ ಆತಂದ್ರ ಮಷೀನು ಖಾಲಿ ನಿಂದ್ರತಾವು! ಆಮ್ಯಾಲ ಬೈಸ್ಕೊಳ್ಳಾಂವ ನಾನು."

"ಒಂದ ವಾರ ಮಾಡಿ ನೋಡೂಣು. ತಪ್ಪಾದ್ರ ಬೈಸ್ಕೊಳ್ಳಾಕ ನಾ ಅದೇನಿ," ಎಂದರು ಪಾರಿಸಪ್ಪ.

ಆ ವಾರ ಗಂಟುಗಳು ಅರ್ಧಕ್ಕಿಂತ ಕಡಿಮೆಯಾದವು. ಎರಡು ಬುಟ್ಟಿಯಷ್ಟು ಜಾಗ ಬಿಟ್ಟು ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆಯುವ ಕೆಲಸವನ್ನು ಪಾರಿಸಪ್ಪ ಹೊಳೆವ್ವನಿಗೇ ಕೊಟ್ಟರು. ಚನಮಲ್ಲಪ್ಪ ಬಂದು ನಿಂತು ನೋಡಿ, "ಖರೆ ಆತು ಬಿಡವ್ವಾ ನಿಂದು," ಎಂದ. ಅಲ್ಲಿಂದ ಮುಂದೆ ಶನಿವಾರ ಎಲ್ಲರೂ ಬಾಯಿ ಬಿಟ್ಟರು. ಹೊಳೆವ್ವ ಅಂಕಿ ಕಲಿತಳು, ಹೆಸರು ಬರೆಯಲು ಕಲಿತಳು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಮಷೀನಿನದೇ ವಿಚಾರ.

೧೯೮೮ರ ಕೊನೆಗೆ ಪಾರಿಸಪ್ಪ ತಮಿಳು ಸೀಮೆಯ ಒಂದು ಗಿರಣಿಗೆ ಹೋದರು. ಹೊಸ ಸಾಹೇಬರು ಬಂದ ವಾರವೇ ಶನಿವಾರದ ಕೂಟ ನಿಲ್ಲಿಸಿದರು. ಬುಟ್ಟಿಗಳು ಒಂದೊಂದಾಗಿ ಮರಳಿದವು. ಆರು ತಿಂಗಳಲ್ಲಿ ಹಳದಿ ಗೆರೆ ಅವುಗಳಡಿ ಮುಚ್ಚಿಹೋಯಿತು.

ಆದರೆ ಅವಳ ಕಣ್ಣಿಗೆ ನೋಡುವ ಚಟ ಹತ್ತಿತ್ತು. ಕೆಲವು ಬಾಬಿನ್ನುಗಳಿಗೆ ಎಣ್ಣೆ ಕಲೆ ಬರುತ್ತಿತ್ತು. ಅವು ಪಾಳಿ ಬದಲಾದ ಮೇಲಿನ ಮೊದಲ ಬುಟ್ಟಿಯಲ್ಲೇ ಇರುತ್ತಿದ್ದವು. ನೂಲುವ ಖಾತೆಯವರು ಪಾಳಿ ಮುಗಿಯುವ ಗಡಿಬಿಡಿಯಲ್ಲಿ ಮಷೀನಿಗೆ ಎಣ್ಣೆ ಬಿಟ್ಟು, ಒರೆಸದೆ ಚಾಲೂ ಮಾಡುತ್ತಿದ್ದರು. ಊಟದ ಬಿಡುವಿನಲ್ಲಿ ಎಣ್ಣೆ ಬಿಟ್ಟು ಒರೆಸಿದರೆ ಆಯಿತು. ಹೊಸ ಸಾಹೇಬರಿಗೆ ಹೇಳಲು ಹೋದಳು.

"ನಿನ್ನ ಕೆಲಸ ಕೋನ್ ಸುತ್ತೋದು," ಎಂದರು ಅವರು, ಕಾಗದದಿಂದ ತಲೆ ಎತ್ತದೆ.

ಪಾರಿಸಪ್ಪ ಊರಿಗೆ ಬಂದಿದ್ದರೆ ಅವರಿಗಾದರೂ ಹೇಳಬೇಕೆಂದುಕೊಂಡಳು. ಮುಂದಿನ ರಜೆಯ ದಿನ ಬಸ್ಸು ಹತ್ತಿ ತೇರದಾಳಕ್ಕೆ ಹೋಗಿ ಪಾರಿಸಪ್ಪನವರ ಮನೆ ಹುಡುಕಿದಳು. ಅವರಿರಲಿಲ್ಲ, ಹೆಂಡತಿ ಬ್ರಾಹ್ಮಿ ಇದ್ದರು.

"ಅವರು ದೀಪಾವಳಿಗೇ ಬರೂದವ್ವ. ಏನರ ಹೇಳೂದಿತ್ತೇನು?"

"ಎಣ್ಣಿ ಕಲಿ ಬಗ್ಗೆ ಹೇಳೂದಿತ್ರಿ ಅಕ್ಕಾರ."

ಬ್ರಾಹ್ಮಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಗಂಡನಿಗೆ ಕಳಿಸಲೆಂದು ಹಾಳೆ ತಂದು ಅವಳು ಹೇಳಿದಂತೆ ಬರೆದುಕೊಂಡರು. ಹೊಳೆವ್ವ ಒಂದು ತಾಸು ಹೇಳಿದಳು. ಬ್ರಾಹ್ಮಿ ಕರಿದ ಬಾಳಕದ ಮೆಣಸಿನಕಾಯಿ, ಮಜ್ಜಿಗೆ ಹಾಕಿ ಉಣ್ಣಿಸಿಯೇ ಕಳಿಸಿದರು.

ಎರಡು ತಿಂಗಳಿಗೆ ಪಾರಿಸಪ್ಪನವರ ಕಾಗದ ಬಂತು. ಜಕ್ಕಪ್ಪ ಓದಿ ಹೇಳಿದ. ನೀವು ಹೇಳಿದ್ದನ್ನು ಇಲ್ಲಿ ಮಾಡಿ ನೋಡಿದೆವು, ಕಲೆ ನಿಂತಿದೆ. ಇದು ಯಾರು ಕಂಡುಹಿಡಿದದ್ದು ಎಂದು ಇಲ್ಲಿಯ ಹೆಣ್ಣುಮಕ್ಕಳು ಕೇಳಿದರು. ನಿಮ್ಮ ಹೆಸರು ಹೇಳಿದೆ. ಅವರ ಬಾಯಲ್ಲಿ ಅದು ಸರಿಯಾಗಿ ಹೊರಡುವುದಿಲ್ಲ.

ಹೊಳೆವ್ವ ಅದನ್ನು ಮತ್ತೊಮ್ಮೆ ಓದಿಸಿದಳು. "ಆ ಊರು ಎಷ್ಟು ದೂರ ಆಕ್ಕೈತಿ?"

"ಎರಡು ದಿನದ ಹಾದಿ. ಯಾಕ?"

"ಸುಮ್ನ ಕೇಳ್ದೆ."

೧೯೯೫ರಲ್ಲಿ ಗಿರಣಿ ಬಾಗಿಲು ಹಾಕಿತು. ಆಮೇಲೆ ಅವಳು ಮನೆಯಲ್ಲೇ ಗಂಡನ ಮಗ್ಗಕ್ಕೆ ನೂಲು ಸುತ್ತಿಕೊಟ್ಟಳು. ಎರಡು ಸಲ ಕಾಗದ ಬಂದ ಆ ಊರಿಗೆ ಹೋಗುವ ತಯಾರಿಯನ್ನೂ ಮಾಡಿದ್ದಳು. ಒಮ್ಮೆ ಅತ್ತೆ ಹಾಸಿಗೆ ಹಿಡಿದರು, ಇನ್ನೊಮ್ಮೆ ಮಗಳ ಬಾಣಂತನ ಬಂತು. ಭಾಷೆ ಬರದ ಊರಿನಲ್ಲಿ ಏನು ಮಾಡುವೆ ಎಂದು ಜಕ್ಕಪ್ಪ ನಕ್ಕರೆ, "ಮಾತಾಡಾಕಲ್ಲ. ಆ ಹೆಣ್ಮಕ್ಕಳು ಕೆಲಸಾ ಮಾಡೂದು ನಿಂತು ನೋಡಬೇಕಾಗೇತಿ," ಎನ್ನುತ್ತಿದ್ದಳು.